ನಲವತ್ತೊಂದನೆಯ ಮುಖ

ಬಲಗೈಗೆ ಏನೂ ಆಗಿರಲಿಲ್ಲ. ನಾಚಿಕೆಯಾಗುತ್ತಿದ್ದದ್ದು ಅದಕ್ಕೇ. ಎಡಗೈಯ ಎರಡು ಬೆರಳು ಮುರಿದು ಬದನೆಕಾಯಿಯ ಹಾಗೆ ಊದಿದ್ದವು. ಬೆನ್ನಿಗೆ ಅಂಗಿ ಅಂಟಿಕೊಂಡು, ತೋಳು ಎತ್ತಿದಾಗಲೆಲ್ಲ ಚರ್ಮ ಸುಲಿದಂತಾಗುತ್ತಿತ್ತು. ಒಂದು ಕಿವಿಯೊಳಗೆ ಮೂರು ದಿನದಿಂದ ಸೀಟಿ ಊದುವುದು ನಿಂತೇ ಇರಲಿಲ್ಲ. ಬಲಗೈ ಮಾತ್ರ ಬೇರೆ ಯಾರದೋ ಕೈಯ ಹಾಗೆ ಚೊಕ್ಕಟವಾಗಿ ಹೆಗಲಿನಿಂದ ಇಳಿಬಿದ್ದಿತ್ತು. ಠಾಣೆಯಲ್ಲಿ ಮೊದಲ ಏಟು ಬೀಳುವ ಮುಂಚೆಯೇ ಇನ್ಸ್‌ಪೆಕ್ಟರು ಹೇಳಿಬಿಟ್ಟಿದ್ದ, "ಬಲಗೈ ಮುಟ್ಟಬೇಡ್ರೋ, ಅದು ನಮಗೆ ಬೇಕು." ಪೇದೆಗಳು ಮಡಿಸಿದ ಟವೆಲಿನ ಮೇಲೆ ಅದನ್ನಿಟ್ಟು, ಒಬ್ಬ ಮೆತ್ತಗೆ ಹಿಡಿದುಕೊಂಡು, ಉಳಿದ ಮೈಯನ್ನು ಹೊಡೆದಿದ್ದರು. ಹಿಡಿದವನ ಅಂಗೈ ಬೆಚ್ಚಗಿತ್ತು. ಏಟು ಬಿದ್ದಾಗಲೆಲ್ಲ ಇವನು ಆ ಅಂಗೈಯನ್ನೇ ಅಮ್ಮನ ಕೈ ಹಿಡಿದ ಹಾಗೆ ಗಟ್ಟಿಯಾಗಿ ಹಿಡಿದಿದ್ದ. ಈಗ ಬೆಳಿಗ್ಗೆ ಒಂಬತ್ತರ ಬಿಸಿಲಲ್ಲಿ, ಎರಡು ಡ್ರಮ್ಮುಗಳ ಮೇಲೆ ಹಾಕಿದ ಹಲಗೆ ಹತ್ತಿ ತಾನೇ ಬರೆದ ಗೋಡೆಯ ಮುಂದೆ ನಿಂತಾಗ, ಅದೇ ಪೇದೆ ಕೆಳಗಿನಿಂದ ಬಣ್ಣದ ಡಬ್ಬಿ ಎತ್ತಿಕೊಟ್ಟ. "ಹುಷಾರು, ಬಿದ್ದುಗಿದ್ದೀರಾ," ಎಂದ. ಅವನ ದನಿಯಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ಚೆನ್ನಾಗಿರುತ್ತಿತ್ತು.

ಗೋಡೆ ಬಾಟಲಿ ಕಾರ್ಖಾನೆಯ ಗೇಟಿನ ಎದುರಿಗಿತ್ತು. ಲಾರಿ ತೂಗುವ ಹಳೆಯ ಕಟ್ಟೆಯ ಕಾಂಪೌಂಡು, ಅರವತ್ತು ಅಡಿ ಉದ್ದ. ಮೂರು ತಿಂಗಳ ಹಿಂದೆ ಕುಲುಮೆ ಒಡೆದು ಕರಗಿದ ಗಾಜು ನೆಲದ ಮೇಲೆ ಹರಿದಾಗ ಒಳಗಿದ್ದ ಏಳು ಜನ ಗೇಟಿನವರೆಗೂ ಓಡಿಬಂದಿದ್ದರು. ಬಾಟಲಿ ಕಳುವಾಗುತ್ತದೆಂದು ಗೇಟಿಗೆ ಹೊರಗಿನಿಂದ ಬೀಗ ಹಾಕಿತ್ತು. ಆಮೇಲೆ ಮೆರವಣಿಗೆ, ಮೆರವಣಿಗೆಗೆ ಲಾಠಿ, ಲಾಠಿಗೆ ಕಲ್ಲು. ಕಲ್ಲುಗಳಲ್ಲಿ ಒಂದು ಒಬ್ಬ ಪೇದೆಯ ಕಪಾಲಕ್ಕೆ ಬಿದ್ದು, ಅವನು ನಾಲ್ಕನೆಯ ದಿನ ಆಸ್ಪತ್ರೆಯಲ್ಲಿ ಸತ್ತ. ಅವನು ಸಾಯುವ ಮುಂಚೆಯೇ ಇವನು ಆ ಮೆರವಣಿಗೆಯನ್ನು ಬರೆಯಲೆಂದು ಗೋಡೆಗೆ ಸುಣ್ಣ ಬಳಿದು, ನೂಲು ಹಿಡಿದು ಚೌಕ ಹಾಕಿಯಾಗಿತ್ತು. ಅಂಗಡಿ ಬೋರ್ಡು, ಸತ್ತವರ ಭಾವಚಿತ್ರ, ಗಾಡಿಯ ಹಿಂದೆ ಹುಲಿ ಬರೆದು ಬದುಕಿದವನಿಗೆ ಒಮ್ಮೆಯಾದರೂ ಯಾರೂ ಹೇಳದೆ ಬರೆಯಬೇಕೆನ್ನಿಸಿತ್ತು. ಎನ್ನಿಸಿದ್ದು ನಿಜ. ಗೇಟಿನೊಳಗೆ ಸತ್ತ ಏಳು ಜನರ ಕೂಗು ಕೇಳಿ ಹೊಟ್ಟೆ ಉರಿದದ್ದೂ ನಿಜ. ಆದರೆ ಅದರ ಜೊತೆಗೆ ಇನ್ನೊಂದು ಇತ್ತಲ್ಲ, ಅದನ್ನು ಅವನು ಮೂರು ದಿನದಿಂದ ಬಾಯಿ ಹುಣ್ಣನ್ನು ನಾಲಗೆಯಿಂದ ಮುಟ್ಟಿದಂತೆ ಮುಟ್ಟಿ ಮುಟ್ಟಿ ನೋಡುತ್ತಿದ್ದ. ಅವನ ಕಸುಬಿನಲ್ಲಿ ಗುಂಪು ಬರೆಯುವಾಗ ಮುಖ ಬರೆಯುವುದಿಲ್ಲ. ಮುಂದೆ ಇಬ್ಬರ ಮುಖ, ಹಿಂದೆಲ್ಲ ಬರೀ ಗುಂಡು ತಲೆಗಳು. ಅದಕ್ಕೆ ಕಸುಬಿನವರು ಮಡಕೆ ಜೋಡಿಸೋದು ಅನ್ನುತ್ತಾರೆ. ಕಸುಬು ಕಲಿಸಿದ ಗುರು ಗೋಡೆ ನೋಡಲು ಬಂದವನು, "ಮಡಕೆ ಜೋಡಿಸಯ್ಯಾ, ಎರಡು ದಿನದ ಕೆಲಸ," ಎಂದಿದ್ದ. ಇವನು ನಾಲ್ಕು ಜನರ ಎದುರಿಗೆ, "ಇವರೇನು ಮಡಕೆಗಳಾ ಗುರುಗಳೇ? ಒಬ್ಬೊಬ್ಬನಿಗೂ ಒಂದೊಂದು ಮುಖ ಇದೆ," ಎಂದು ಹೇಳಿ ಚಪ್ಪಾಳೆ ಗಿಟ್ಟಿಸಿದ್ದ. ಮುದುಕ ತಲೆಯಾಡಿಸಿ ಹೋದ. ಚಪ್ಪಾಳೆ ಬಹಳ ಹೊತ್ತು ಕಿವಿಯಲ್ಲಿತ್ತು.

ಹನ್ನೊಂದು ದಿನ ಹಿಡಿಯಿತು. ಪಾಳಿ ಬಿಟ್ಟವರು ಒಬ್ಬೊಬ್ಬರಾಗಿ ಬಂದು ಮುಂದೆ ನಿಲ್ಲುತ್ತಿದ್ದರು. ನಿಲ್ಲುವುದಕ್ಕೆ ಜಗಳವಾಡುತ್ತಿದ್ದರು. ಕುಲುಮೆಯವನೊಬ್ಬ ತಲೆ ಬಾಚಿಕೊಂಡು ಬಂದ. ಗಾಜು ಆರಿಸುವ ಹೆಂಗಸೊಬ್ಬಳು, "ನನ್ನ ಮೂಗುಬೊಟ್ಟು ಬಿಡಬೇಡಪ್ಪಾ," ಎಂದಳು. ಬಿಡಲಿಲ್ಲ. ಪೊಲೀಸರು ಅವಳನ್ನು ಹಿಡಿದದ್ದು ಆ ಮೂಗುಬೊಟ್ಟಿನಿಂದಲೇ. ನಲವತ್ತು ಮುಖಗಳು, ನಲವತ್ತೂ ತದ್ರೂಪು. ಪತ್ರಿಕೆಯವರು ಬಂದು ಫೋಟೋ ತೆಗೆದರು. ಬೇರೆ ಊರುಗಳ ಕಾರ್ಖಾನೆಗಳ ಮುಂದೆಯೂ ಇಂಥ ಗೋಡೆಚಿತ್ರಗಳು ಎದ್ದವು. ಕಲೆ ಜನರನ್ನು ಎಬ್ಬಿಸಿತು ಎಂದು ಒಬ್ಬ ಬರೆದ. ಆ ತುಂಡನ್ನು ಇವನು ಕತ್ತರಿಸಿ ಜೇಬಿನಲ್ಲಿಟ್ಟುಕೊಂಡು ಮೂರು ಸಲ ಅಕ್ಕನಿಗೆ ಓದಿ ಹೇಳಿದ್ದ. ಆಮೇಲೆ ಒಂದು ಬೆಳಿಗ್ಗೆ ಪೊಲೀಸರು ಸೀಮೆಸುಣ್ಣದ ಪೆಟ್ಟಿಗೆ ಹಿಡಿದುಕೊಂಡು ಬಂದರು. ಹಿಡಿದವರ ಮುಖಕ್ಕೆಲ್ಲ ಒಂದೊಂದು ಗುಣಿಸುವ ಗುರುತು. ಹಾಜರಿ ಪುಸ್ತಕ ಹುಡುಕುವ ತೊಂದರೆಯನ್ನೇ ಇವನು ತಪ್ಪಿಸಿದ್ದ. ಇಪ್ಪತ್ತೇಳು ಗುರುತು ಬೀಳುವ ಹೊತ್ತಿಗೆ ಜನ ಇವನನ್ನು ಕಂಡರೆ ರಸ್ತೆ ದಾಟುತ್ತಿದ್ದರು. ಹಿಡಿದವರನ್ನು ಏನು ಮಾಡುತ್ತಾರೆಂಬುದು ಬಿಡುಗಡೆಯಾಗಿ ಬಂದವರ ಕಾಲು ನೋಡಿದರೆ ತಿಳಿಯುತ್ತಿತ್ತು. ತಲೆ ಬಾಚಿಕೊಂಡು ಬಂದಿದ್ದವನ ಕಾಲ್ಬೆರಳುಗಳಲ್ಲಿ ಉಗುರೇ ಉಳಿದಿರಲಿಲ್ಲ. ಅವನ ಅಪ್ಪ ಚಹದಂಗಡಿಯ ಮುಂದೆ ಇವನ ಕೊರಳಪಟ್ಟಿ ಹಿಡಿದು, "ಕಂಡೋರ ಮಕ್ಕಳನ್ನ ಬಾವಿಗೆ ತಳ್ಳಿ ಆಳ ನೋಡ್ದೆಯಲ್ಲೋ! ಎಲ್ಲರ ಮುಖ ಇದೆ, ನಿನ್ನದೆಲ್ಲೋ?" ಎಂದು ಕೆನ್ನೆಗೆ ಬಾರಿಸಿದ್ದ. ಚಹ ಕುಡಿಯುತ್ತಿದ್ದವರು ಲೋಟದೊಳಗೆ ನೋಡಿಕೊಂಡು ಕುಡಿಯುತ್ತಿದ್ದರು. ಬರೆಯುವವನು ಹೊರಗೆ ನಿಂತಿರಬೇಕಾಗುತ್ತದೆ ಎಂಬ ಉತ್ತರವೊಂದು ಇವನ ಗಂಟಲಿನವರೆಗೆ ಬಂದಿತ್ತು, ಅಷ್ಟೇ. ಪತ್ರಿಕೆಯಲ್ಲಿ ಹೆಸರು ಬಂದದ್ದಕ್ಕೋ ಏನೋ ಪೊಲೀಸರು ಇವನೊಬ್ಬನನ್ನು ಮಾತ್ರ ಮುಟ್ಟಿರಲಿಲ್ಲ. ಅದೇ ಒಂದು ಅನುಮಾನವಾಗಿ ಊರೆಲ್ಲ ಓಡಾಡಿತು, ಮೂರು ದಿನದ ಹಿಂದೆ ಇವನನ್ನೂ ಹಿಡಿಯುವವರೆಗೆ.

"ಶುರುಮಾಡಿ ಕಲಾವಿದ್ರೇ," ಎಂದ ಇನ್ಸ್‌ಪೆಕ್ಟರು. ಅವನಿಗೆ ರಸ್ತೆಯ ನಡುವೆ ಕುರ್ಚಿ ಹಾಕಿತ್ತು. ಆ ಕಡೆ ಗೇಟಿನ ಬಳಿ ಬೆಳಗಿನ ಪಾಳಿಯವರು ಗುಂಪಾಗಿ ನಿಂತಿದ್ದರು. ಅವರನ್ನು ನಿಲ್ಲಿಸಿಕೊಂಡಿದ್ದದ್ದು ಅವನೇ, ಎಲ್ಲರೂ ನೋಡಲಿ ಎಂದು. ಬರೆಯಬೇಕಾದದ್ದು ಗೋಡೆಯ ನಟ್ಟನಡುವೆ ಕಲ್ಲೆತ್ತಿ ನಿಂತವನ ಮುಖ. ಅವನ ಬಲಗೈ ಆಕಾಶಕ್ಕೆ ಚಾಚಿತ್ತು, ಆ ಕೈಯ ನೆರಳು ಬಿದ್ದು ಮುಖ ಬರೀ ಕಪ್ಪು. ಅಷ್ಟು ಬುದ್ಧಿ ಇವನಿಗೆ ಆಗಲೇ ಇತ್ತು. ಅಷ್ಟೇ ಇತ್ತು. ಆ ಕೈ ಭಾವನದು. ಅಕ್ಕನ ಗಂಡ, ಹದಿನಾರು ವರ್ಷ ಕುಲುಮೆಯ ಮುಂದೆ ನಿಂತು ಮೊಣಕೈವರೆಗೆ ಒಂದು ಕೂದಲೂ ಉಳಿಯದ ಕೈ. ಅದು ಕಲ್ಲೆತ್ತಿದ್ದನ್ನು, ಎಸೆದದ್ದನ್ನು, ಪೇದೆಯ ತಲೆಯಿಂದ ಟೋಪಿ ಹಾರಿ ಅದರ ಕೆಳಗೆ ಕೆಂಪಗೆ ಏನೋ ಬಾಯಿ ತೆರೆದದ್ದನ್ನು ಇವನು ಹತ್ತು ಅಡಿಯಿಂದ ನೋಡಿದ್ದ. ಆಗ ಇವನಿಗೆ ಮೊದಲು ಹೊಳೆದದ್ದು ಆ ಪೇದೆ ಸಾಯಬಹುದೆಂದಲ್ಲ. ಆ ತೋಳಿನ ತಿರುವು ಎಷ್ಟು ಚೆಂದ ಎಂದು.

"ಯಾರನ್ನೋ ಬರೆದು ಬಿಟ್ಟರೆ ನಾವು ನಂಬ್ತೀವಿ ಅಂದ್ಕೋಬೇಡಿ," ಎಂದು ನಿನ್ನೆ ಸಂಜೆ ಇನ್ಸ್‌ಪೆಕ್ಟರು ಹೇಳಿದ್ದ. ಮೇಜಿನ ಮೇಲೆ ಕಾರ್ಖಾನೆಯ ಎಲ್ಲ ನೌಕರರ ಫೋಟೋಗಳಿದ್ದ ರಿಜಿಸ್ಟರು ತೆರೆದಿತ್ತು. "ನಲವತ್ತರಲ್ಲಿ ನಲವತ್ತೂ ಸರಿ ಬಂತಲ್ರೀ! ಫೋಟೋಗಿಂತ ಚೆನ್ನಾಗಿ ಬರೀತೀರಿ. ನಿಮ್ಮ ಕೈಯಿಂದ ಸುಳ್ಳು ಮುಖ ಬರಲ್ಲ, ಅದು ನನಗೆ ಗೊತ್ತು. ನೀವು ಬರೆದ ಮುಖವೇ ನನಗೆ ಸಾಕ್ಷಿ." ಮಾತು ಮುಗಿದ ಮೇಲೂ ಇವನು ಅದನ್ನು ಒಂದು ಕ್ಷಣ ಬಾಯಿಯಲ್ಲಿಟ್ಟುಕೊಂಡು ಚಪ್ಪರಿಸಿದ್ದ. ಬೆರಳು ಮುರಿದವನು ಹೊಗಳಿದರೂ ಹೊಗಳಿಕೆ ಸಿಹಿಯಾಗಿಯೇ ಇತ್ತು. ಛೀ ಎನ್ನಿಸಿತು, ಆದರೆ ಸಿಹಿ ಹೋಗಲಿಲ್ಲ. "ಬರೀದಿದ್ರೆ ನಾಳೆ ನಿಮ್ಮ ಅಕ್ಕನ್ನ ಕರೆಸ್ತೀನಿ. ಅವರದ್ದು ಯಾವ ಕೈಯೂ ನಮಗೆ ಬೇಕಾಗಿಲ್ಲ." ಆ ಅಕ್ಕ ಡಬ್ಬಿಯಲ್ಲಿ ಅನ್ನ ತಂದವಳು, ಸರಳಿನ ಸಂದಿಯಿಂದ ಇವನ ಊದಿದ ಬೆರಳು ಮುಟ್ಟಲು ಹೋಗಿ, ಮುಟ್ಟದೆ, ತುಟಿಯಲ್ಲೇ ಹೇಳಿದ್ದಳು: "ಯಾರದಾದ್ರೂ ಬರಿ. ನಮ್ಮೋರದ್ದು ಬೇಡ. ನಿನ್ನ ಕಾಲು ಹಿಡ್ಕೋತೀನಿ." ಚಿಕ್ಕವನಿದ್ದಾಗ ಇವನಿಗೆ ಮೂಗು ಒರೆಸಿದವಳು. ಯಾರದಾದ್ರೂ! ಯಾರದಾದರೂ ಅನ್ನುವ ಮುಖ ಎಲ್ಲಿದೆ? ಒಂದೊಂದು ಮುಖದ ಹಿಂದೆಯೂ ಒಬ್ಬ ಅಕ್ಕ ಅನ್ನದ ಡಬ್ಬಿ ಹಿಡಿದು ನಿಂತಿರುತ್ತಾಳೆ.

ಕುಂಚ ಅದ್ದಿದ. ಮುಖವನ್ನು ಕಿವಿಯಿಂದ ಶುರುಮಾಡುವುದು ಗುರುವಿನ ಪಾಠ. ಕಣ್ಣು, ಬಾಯಿ ನಟಿಸುತ್ತವೆ, ಕಿವಿಗೆ ನಟನೆ ಬರುವುದಿಲ್ಲ. ಕಪ್ಪಿನ ಮೇಲೆ ಒಂದು ಕಂದು ಗೆರೆ, ಅದರೊಳಗೆ ಇನ್ನೊಂದು. ಕೈ ತನ್ನ ಪಾಡಿಗೆ ತಾನು ಓಡಿತು. ಎರಡು ನಿಮಿಷ ಬಿಟ್ಟು ನೋಡಿದರೆ ಗೋಡೆಯ ಮೇಲೆ ಭಾವನ ಕಿವಿ! ಹಾಲೆಯಿಲ್ಲದೆ ಕೆನ್ನೆಗೆ ಅಂಟಿಕೊಂಡ, ತುದಿ ಸುಟ್ಟು ಮುರುಟಿದ ಕಿವಿ. ತೋಳಿನಿಂದ ಗಬಕ್ಕನೆ ಒರೆಸಿದ. ಹಿಂದೆ ಕುರ್ಚಿ ಕಿರುಗುಟ್ಟಿತು. "ಯಾಕೆ?" "ಸರಿ ಬರಲಿಲ್ಲ." "ನಿಮಗೆ ಸರಿ ಬರದೇ ಇರೋದೂ ಉಂಟಾ?" ಎಂದು ಇನ್ಸ್‌ಪೆಕ್ಟರು ನಕ್ಕ. ಪೇದೆಗಳೂ ನಕ್ಕರು. ನಗದೆ ವಿಧಿಯಿರಲಿಲ್ಲವೋ ಏನೋ, ಇವನ ತುಟಿಯೂ ಅರಳಿ ಒಡೆದ ಗಾಯ ಚುರುಗುಟ್ಟಿತು. ತಿರುಗಿ ಗೇಟಿನ ಕಡೆ ನೋಡಿದ. ಗುಂಪಿನಲ್ಲಿ ಭಾವ ಇದ್ದ. ಕಣ್ಣಿಗೆ ಕಣ್ಣು ಸಿಕ್ಕಿದ ಕೂಡಲೇ ಭಾವ ತಲೆ ತಗ್ಗಿಸಿ, ಕಾಲಲ್ಲೇನೋ ಚುಚ್ಚಿದವನಂತೆ ಬಗ್ಗಿ, ಏಳುವಾಗ ಒಬ್ಬ ದಪ್ಪನೆಯವನ ಹಿಂದೆ ಎದ್ದ.

ಆಗ ನೆನಪಾದವನು ಹುಲ್ಲಣ್ಣ. ನೆನಪಾದ ಅನ್ನುವುದು ಸುಳ್ಳು, ಅವನು ಮರೆತುಹೋಗಿದ್ದರಲ್ಲವೇ. ಬಾಟಲಿಗಳನ್ನು ಒಣಹುಲ್ಲಿನಲ್ಲಿ ಸುತ್ತಿ ಪೆಟ್ಟಿಗೆಗೆ ತುಂಬುವ ಕೆಲಸದವನು. ಸ್ನಾನ ಮಾಡಿ ಬಂದರೂ ತಲೆಯಲ್ಲಿ ಒಂದೆರಡು ಕಡ್ಡಿ ಇದ್ದೇ ಇರುತ್ತಿದ್ದವು, ಅದಕ್ಕೇ ಆ ಹೆಸರು. ಹನ್ನೊಂದು ದಿನವೂ ಏಣಿ ಹಿಡಿದು ನಿಂತವನು ಅವನು. ನಿನ್ನನ್ನೂ ಬರೀತೀನಿ ಬಾರೋ ಎಂದರೆ, "ನನ್ನ ಮುಖ ಏನಿದೆ ಬಿಡಣ್ಣ, ಜಾಗ ಸುಮ್ಮನೆ ದಂಡ," ಎಂದು ನಾಚುತ್ತಿದ್ದ. ಸೀಮೆಸುಣ್ಣ ಹಿಡಿದು ಬಂದವರಿಗೆ ಅಡ್ಡ ನಿಂತು, "ಒದ್ದೆ ಇದೆ ಸಾರ್, ಮುಟ್ಟಬೇಡಿ," ಎಂದನಂತೆ. ಪೆದ್ದ. ಒಣಗಿ ವಾರವಾಗಿದ್ದ ಬಣ್ಣ. ಅವನನ್ನು ಎಳೆದುಕೊಂಡು ಹೋಗಿ ಕೇಳಿದ್ದು ಒಂದೇ ಪ್ರಶ್ನೆ: ಕಲ್ಲೆತ್ತಿದವನು ಯಾರು? ಅವನಿಗೆ ಗೊತ್ತಿತ್ತು. ಏಣಿಯ ಕೆಳಗೆ ನಿಂತು ಆ ತೋಳು ಮೂಡುವುದನ್ನು ನೋಡುತ್ತ, "ಭಾವನ ಕೈ ಅಲ್ವೇನಣ್ಣಾ," ಎಂದಿದ್ದವನೇ ಅವನು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಎರಡು ದಿನ ಹೇಳಲಿಲ್ಲ. ಮೂರನೆಯ ದಿನ ಹೇಳಲು ಅವನೇ ಇರಲಿಲ್ಲ. ಮೆಟ್ಟಿಲಿಂದ ಬಿದ್ದ ಎಂದರು. ಆ ಠಾಣೆಗೆ ಮಹಡಿಯೇ ಇಲ್ಲ. ಅವನ ತಾಯಿ ಒಂದು ತಿಂಗಳಿಂದ ದೊಡ್ಡ ಸಾಹೇಬರ ಕಚೇರಿಯ ಮುಂದೆ ಕೊರಳಿಗೆ ಹಲಗೆ ತೂಗುಹಾಕಿಕೊಂಡು ಕೂತಿದ್ದಳು. 'ನನ್ನ ಮಗ ಯಾವ ಮೆಟ್ಟಿಲಿಂದ ಬಿದ್ದ?' ಅದನ್ನು ಬರೆದುಕೊಟ್ಟವನೂ ಇವನೇ. ಚಿತ್ರವಿಲ್ಲ, ಬಣ್ಣವಿಲ್ಲ, ಐದು ಪದ. ಅರವತ್ತು ಅಡಿ ಗೋಡೆ ಮಾಡದ್ದನ್ನು ಅದು ಮಾಡಿತು. ಮುಂದಿನ ವಾರ ವಿಚಾರಣೆ ಎಂದು ಮೇಲಿನಿಂದ ಆದೇಶ ಬಂದಿತ್ತು. ಇನ್ಸ್‌ಪೆಕ್ಟರಿನ ಕುತ್ತಿಗೆಯ ಸುತ್ತ ಈಗ ಆ ಹಲಗೆಯ ದಾರ.

ಸತ್ತವನನ್ನು ಯಾರೂ ಹೊಡೆಯಲಾರರು. ಇವನು ಯೋಚಿಸಿದ್ದು ಇಷ್ಟೇ. ಸತ್ತವನ ಅಂಗಾಲಿಗೆ ಬೆತ್ತ ಬೀಳುವುದಿಲ್ಲ, ಉಗುರು ಹೋಗುವುದಿಲ್ಲ. ಅಕ್ಕ ಉಳಿಯುತ್ತಾಳೆ, ಭಾವ ಉಳಿಯುತ್ತಾನೆ, ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ. ಏಣಿ ಹಿಡಿದವನು ಇನ್ನೊಂದು ಸಲ ಏಣಿ ಹಿಡಿಯುತ್ತಾನೆ, ಅವನಿಗೆ ಬೇಸರವಿರುವುದಿಲ್ಲ. ಯಾವತ್ತು ಬೇಸರಪಟ್ಟಿದ್ದ? ಕುಂಚ ಕಿವಿಗೆ ಇಳಿಯಿತು. ಅಗಲವಾಗಿ ಹೊರಗೆ ನಿಂತ, ಬಿಸಿಲಿಗೆ ಕೆಂಪಾಗಿ ಕಾಣುವ ಕಿವಿ. ಆಮೇಲೆ ಕೆನ್ನೆಯ ಮೂಳೆ, ಯಾವಾಗಲೂ ಏನೋ ಕೇಳಬೇಕೆಂದು ಕೇಳದೆ ಉಳಿದಂತಿದ್ದ ಹುಬ್ಬು. ಬದುಕಿದ್ದಾಗ ಅವನನ್ನು ಒಮ್ಮೆಯೂ ನಿಲ್ಲಿಸಿ ನೋಡಿರಲಿಲ್ಲ. ಆದರೂ ಏಣಿಯ ಮೇಲಿನಿಂದ ಬಗ್ಗಿದಾಗಲೆಲ್ಲ ಕಂಡ ಮುಖ ಎಲ್ಲೋ ಸೇರಿಕೊಂಡು ಕೂತಿತ್ತು, ಈಗ ಕೇಳಿದ್ದೇ ತಡ ಎದ್ದುಬಂತು. ಕೂದಲಿಗೆ ಎರಡು ಹುಲ್ಲುಕಡ್ಡಿ ಬರೆದ. ಗೇಟಿನ ಕಡೆಯಿಂದ ಒಂದು ಗುಜುಗುಜು ಎದ್ದು, ಇದ್ದಕ್ಕಿದ್ದಂತೆ ನಿಂತಿತು.

ಇನ್ಸ್‌ಪೆಕ್ಟರು ಕುರ್ಚಿಯಿಂದ ಎದ್ದು ಹಲಗೆಯ ಹತ್ತಿರ ಬಂದ. ಅವನ ಮುಖದಲ್ಲಿ ಮೊದಲು ಕೋಪ, ಆಮೇಲೆ ಲೆಕ್ಕ, ಆಮೇಲೆ ಜ್ವರ ಬಿಟ್ಟವನ ಹಗುರ ಬಂದು ಹೋದದ್ದನ್ನು ಇವನು ಮೇಲಿನಿಂದ ಕಂಡ. ಮುಖ ಓದುವುದು ಇವನ ಕಸುಬು. ಓದಿದ್ದು ಇಷ್ಟು: ಇನ್ನು ಮೇಲೆ ಠಾಣೆಯಲ್ಲಿ ಸತ್ತವನು ಬಡಪಾಯಿಯಲ್ಲ, ಪೊಲೀಸನನ್ನು ಕೊಂದವನು. ಕೊಂದವನು ಸತ್ತರೆ ಯಾವ ಮೆಟ್ಟಿಲು ಎಂದು ಯಾರು ಕೇಳುತ್ತಾರೆ? ವಿಚಾರಣೆ ಇಲ್ಲ, ಬಡ್ತಿ ಇದೆ. ಇಷ್ಟು ಸುಲಭದ ಸಂಗತಿ ಇವನಿಗೆ ಯಾಕೆ ಹೊಳೆಯಲಿಲ್ಲ? ಹೊಳೆದಿತ್ತೇ? "ನೀವು ಬುದ್ಧಿವಂತರು ಕಣ್ರೀ," ಎಂದು ಇನ್ಸ್‌ಪೆಕ್ಟರು ಇವನಿಗಷ್ಟೇ ಕೇಳುವಂತೆ ಹೇಳಿ, ಪೇದೆಯತ್ತ ತಿರುಗಿ, "ಇವರಿಗೊಂದು ಚಹ ತರಿಸೋ. ಹಾಗೇ ಆ ಮುದುಕೀನ ಜೀಪಲ್ಲಿ ಕರ್ಕೊಂಬಾ. ಮಗನ ಗುರುತು ಹಿಡೀಲಿ," ಎಂದ.

ಚಹ ಬಂತು. ಕುಡಿದ. ಒಡೆದ ತುಟಿಗೆ ಉರಿಯಿತು, ಆದರೂ ಕೊನೆಯ ಗುಟುಕಿನವರೆಗೂ ಕುಡಿದ. ಜೀಪು ಬಂದಾಗ ಬಣ್ಣ ಇನ್ನೂ ಹಸಿಯಾಗಿತ್ತು. ಹುಲ್ಲಣ್ಣನ ತಾಯಿ ಕೊರಳ ಹಲಗೆಯ ಸಮೇತ ಇಳಿದಳು. ಗಿಡ್ಡ ಹೆಂಗಸು, ತಿಂಗಳ ಬಿಸಿಲಿಗೆ ಸುಟ್ಟು ಕರಿಕಾಗಿದ್ದಳು. ಇವನನ್ನು ನೋಡಿ ಗುರುತು ಹಿಡಿದು, ತನ್ನ ಕಡೆಯವನು ಇಲ್ಲಿದ್ದಾನೆ ಎಂಬಂತೆ ಮುಖ ಸಡಿಲಿಸಿದಳು. ಆಮೇಲೆ ಗೋಡೆ ನೋಡಿದಳು. ನೋಡಿ, ನಾಲ್ಕು ಹೆಜ್ಜೆ ಮುಂದೆ ಬಂದು, ತುದಿಗಾಲಲ್ಲಿ ನಿಂತು ಮಗನ ಗಲ್ಲದ ಕೆಳಗೆ ಬೆರಳಿಟ್ಟಳು. ಬೆರಳಿಗೆ ಬಣ್ಣ ಬಂತು. "ನನ್ನ ಮಗನೇ," ಎಂದಳು. "ಎಷ್ಟು ಚೆನ್ನಾಗಿ ಬರ್ದಿದ್ದೀಯಪ್ಪಾ. ಮನೇಲಿ ಒಂದು ಫೋಟೋನೂ ಇಲ್ಲ." ಇನ್ಸ್‌ಪೆಕ್ಟರು ಪೇದೆಗೆ ಬರಕೋ ಎಂದು ಸನ್ನೆ ಮಾಡಿದ. ಆಗ ಅವಳ ಕಣ್ಣು ಮುಖದಿಂದ ತೋಳಿಗೆ, ತೋಳಿನಿಂದ ಕಲ್ಲಿಗೆ ಏರಿತು. ತಿರುಗಿದಳು. "ಇವನು ಎಸೆದಿದ್ದು ನೀನು ನೋಡ್ದ್ಯಾ?"

ಎಲ್ಲರೂ ಇವನನ್ನು ನೋಡಿದರು. "ನೋಡ್ದೆ," ಎಂದ.

"ಮನೇಲಿ ಇಲಿ ಹೊಡೆಯೋಕೂ ನನ್ನನ್ನೇ ಕರೀತಿದ್ದ ಕಣಪ್ಪಾ," ಎಂದಳು. ದನಿ ಏರಿಸಲಿಲ್ಲ. ಆಮೇಲೆ ಇನ್ಸ್‌ಪೆಕ್ಟರಿಗೂ ಪೇದೆಗಳಿಗೂ ಗೇಟಿನ ಹತ್ತಿರದವರಿಗೂ ಕೇಳುವಂತೆ ಹೇಳಿದಳು: "ನನ್ನ ಮಗ ಎಡಚ. ಊಟ ಒಂದು ಬಿಟ್ಟು ಎಲ್ಲಾ ಎಡಗೈಯೇ. ನನ್ನ ಹಾಗೆ. ಈ ಕೈ ಅವನದಲ್ಲ." ಹನ್ನೊಂದು ದಿನ ಏಣಿ ಹಿಡಿದದ್ದು ಯಾವ ಕೈ? ಡಬ್ಬಿ ಎತ್ತಿಕೊಟ್ಟದ್ದು? ನಲವತ್ತು ಜನರ ಮಚ್ಚೆ, ಮೂಗುಬೊಟ್ಟು ಬಿಡದ ಇವನ ಕಣ್ಣಿಗೆ ಅದು ಬಿದ್ದೇ ಇರಲಿಲ್ಲ. ಗೇಟಿನವರು ಒಂದು ಹೆಜ್ಜೆ ಮುಂದೆ ಬಂದರು. ಇನ್ಸ್‌ಪೆಕ್ಟರು ಮಾತ್ರ ಕೈಗಡಿಯಾರ ನೋಡಿಕೊಂಡು, ಅಂಗಡಿ ಬೋರ್ಡಿನ ತಪ್ಪೊಂದನ್ನು ತೋರಿಸುವವನಂತೆ, "ಎಡಗೈ ಮಾಡಿಬಿಡಿ. ಬಣ್ಣ ಇದೆಯಲ್ಲ," ಎಂದ.

ಅವಳು ಬಗ್ಗಿದ್ದು ಕಂಡಿತು. ರಸ್ತೆಯ ಬದಿಯ ಜಲ್ಲಿಯಲ್ಲಿ ಕೈಯಾಡಿಸಿ ಮುಷ್ಟಿಗೆ ಮೀರಿದ ಒಂದು ಕಲ್ಲೆತ್ತಿಕೊಂಡಳು. ಇನ್ಸ್‌ಪೆಕ್ಟರು ಎರಡು ಹೆಜ್ಜೆ ಹಿಂದೆ ಸರಿದ. ಆದರೆ ಅವಳು ನೋಡುತ್ತಿದ್ದದ್ದು ಹಲಗೆಯ ಮೇಲೆ ನಿಂತ ಇವನನ್ನು. ಎಡಗೈ ಕಿವಿಯ ಹಿಂದಕ್ಕೆ ಹೋಯಿತು, ಮೊಣಕೈ ಮೊದಲು ಮುಂದೆ ಬಂತು, ಹೆಬ್ಬೆರಳು ಕಲ್ಲಿನ ಕೆಳಗೆ ಬಿಳುಪಾಗಿ ಒತ್ತಿಕೊಂಡಿತ್ತು. ಇವನು ಮುಖಕ್ಕೆ ಕೈ ಅಡ್ಡ ಹಿಡಿಯಲಿಲ್ಲ. ಹಿಡಿಯಬಾರದೆಂದಲ್ಲ, ನೋಡುತ್ತಿದ್ದ. ಕಲ್ಲು ಬಾಯಿಗೆ ಬಡಿಯಿತು. ಹಲಗೆ ಮಗುಚಿ ಡಬ್ಬಿಗಳ ಜೊತೆ ಕೆಳಗೆ ಬಿದ್ದ. ಬಾಯಿ ತುಂಬ ಹಲ್ಲಿನ ಚೂರು, ಉಪ್ಪುನೀರು. ಬಿದ್ದಲ್ಲಿಂದ ಕಂಡದ್ದು ಬೂಟುಗಳು, ಬೂಟುಗಳ ನಡುವೆ ಅವಳ ಬರಿಗಾಲು. ಮೊದಲ ಲಾಠಿ ಕೊರಳಿನ ಹಲಗೆಗೆ ಬಿದ್ದು ಅದು ಸೀಳಿತು, ಎರಡನೆಯದು ಎಡ ಮೊಣಕೈಗೆ. ಆ ಸದ್ದು ಇವನಿಗೆ ಪರಿಚಿತ. ಅವಳು ಕೂಗಲಿಲ್ಲ. ಗೇಟಿನ ಕಡೆಯಿಂದ ಒಂದು ಕಲ್ಲು ಬಂತು, ಇನ್ನೊಂದು ಬಂತು. ಪೇದೆಗಳು ಅತ್ತ ನುಗ್ಗಿದರು. ಯಾರದೋ ತಲೆ ಕಬ್ಬಿಣಕ್ಕೆ ಬಡಿದು ಗೇಟು ಗಣಗುಟ್ಟಿತು.

ಇನ್ಸ್‌ಪೆಕ್ಟರು ಇವನ ಪಕ್ಕ ಕುಕ್ಕರುಗಾಲಲ್ಲಿ ಕೂತು ಕರವಸ್ತ್ರ ಕೊಟ್ಟ. ಇವನು ರಕ್ತ ಉಗುಳಿ ಹೇಳಿದ: "ಅವನಲ್ಲ. ಹುಲ್ಲಣ್ಣ ಎಸೀಲಿಲ್ಲ." ಸ್ಪಷ್ಟವಾಗಿಯೇ ಹೇಳಿದ. ಹೇಳಿ ಎದೆ ಹಗುರವಾಯಿತು. ಜೀಪಿಗೆ ಎಳೆಯುತ್ತಿದ್ದ ಆ ತಾಯಿಯೂ ಕೇಳಿಸಿಕೊಂಡು ಕತ್ತು ತಿರುಗಿಸಿದಳು.

"ಸರಿ," ಎಂದ ಇನ್ಸ್‌ಪೆಕ್ಟರು. "ಹಾಗಾದ್ರೆ ಯಾರು?"

ಓಡುವವರು ಓಡಿದ್ದರು, ಹೊಡೆಯುವವರು ಹೊಡೆಯುತ್ತಿದ್ದರು. ಆ ಧೂಳಿನಲ್ಲಿ ಭಾವ ಗೇಟಿನ ಕಂಬಕ್ಕೆ ಬೆನ್ನು ಹಚ್ಚಿ, ಕೂದಲಿಲ್ಲದ ಎರಡು ಕೈಗಳನ್ನೂ ಕಂಕುಳಲ್ಲಿ ಅವುಚಿಕೊಂಡು ನಿಂತಿದ್ದ. ಇವನನ್ನೇ ನೋಡುತ್ತಿದ್ದ. ಬೇಡ ಎಂದು ತಲೆಯಾಡಿಸಿದನೋ, ಸುಮ್ಮನೆ ನಡುಗುತ್ತಿದ್ದನೋ. ಜೀಪಿನ ಹತ್ತಿರ ಅವಳು ಕಾಯುತ್ತಿದ್ದಳು. ಪೇದೆ ಜಗ್ಗಿದರೂ ಬಾಗಿಲ ಸರಳು ಹಿಡಿದು ಕಾಯುತ್ತಿದ್ದಳು. ನಾನು ಎಂದು ಹೇಳಬಹುದಿತ್ತು. ಅದು ಹೊಳೆಯಿತು, ಖಂಡಿತ ಹೊಳೆಯಿತು. ಟವೆಲಿನ ಮೇಲೆ ಇಟ್ಟ ಕೈಯೂ ಆಗಲೇ ಕಣ್ಣಿಗೆ ಬಂತು, ಈ ಸಲ ಅದನ್ನು ಯಾರೂ ಮೆತ್ತಗೆ ಹಿಡಿಯುವುದಿಲ್ಲ. ಇವನು ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡ. ಇನ್ಸ್‌ಪೆಕ್ಟರು ಹತ್ತು ಎಣಿಸುವಷ್ಟು ಹೊತ್ತು ಕಾದು, ಮೊಣಕಾಲು ಒರೆಸಿಕೊಂಡು ಎದ್ದ. ಜೀಪಿನ ಬಾಗಿಲು ಧಡ್ ಎಂದು ಮುಚ್ಚಿತು. ಹಿಂದೆಯೇ ಒಳಗಿನಿಂದ, ಕೊನೆಗೂ, ಅವಳ ಕೂಗು ಕೇಳಿಸಿತು.

ಪೇದೆ ಹಲಗೆಯನ್ನು ಮತ್ತೆ ಡ್ರಮ್ಮುಗಳ ಮೇಲಿಟ್ಟು, ಇವನ ಕಂಕುಳಿಗೆ ಕೈಕೊಟ್ಟು ಹತ್ತಿಸಿದ. ಉಳಿದ ಸುಣ್ಣದಿಂದ ಇವನು ಭಾವನ ಬಲಗೈಯನ್ನು ಅಳಿಸಿದ. ಚೆಲ್ಲದೆ ಉಳಿದಿದ್ದ ಬಣ್ಣಗಳನ್ನು ತಗಡಿನ ಮೇಲೆ ಕಲಸಿದ. ಗಲ್ಲದಿಂದ ತೊಟ್ಟಿಕ್ಕಿದ ಒಂದು ಹನಿ ಅದರೊಳಗೆ ಬಿತ್ತು, ಅದನ್ನೂ ಸೇರಿಸಿ ಕಲಸಿದ. ನೋಡದೆ ಬರೆಯಬೇಕಾಗಿರಲಿಲ್ಲ, ಆ ತಾಯಿಯ ಎಡಗೈಯನ್ನು ಈಗಷ್ಟೇ ನೋಡಿದ್ದ. ಮುಂದೆ ಬಂದ ಮೊಣಕೈ, ಬಿಗಿದ ನರ, ಕಲ್ಲಿನ ಕೆಳಗೆ ಬಿಳುಪಾಗಿ ಒತ್ತಿದ ಹೆಬ್ಬೆರಳು. ಬೆನ್ನ ಹಿಂದೆ ಗೇಟಿನ ಬಳಿ ಇನ್ನೂ ಹೊಡೆಯುತ್ತಿದ್ದರು. ಇಡೀ ಗೋಡೆಯಲ್ಲಿ ಅಷ್ಟು ಜೀವ ಇರುವ ಗೆರೆ ಇನ್ನೊಂದಿರಲಿಲ್ಲ. ಅದು ಅವನಿಗೆ ಗೊತ್ತಾಗುತ್ತಿತ್ತು, ಗೊತ್ತಾಗಿ ಸಂತೋಷವಾಗುತ್ತಿತ್ತು, ಕೈ ಚೆನ್ನಾಗಿ ಬರುತ್ತಿತ್ತು.